ಕನ್ಯಾ ನೋಡಲು ಬಂದು ಕಂಪ್ಯೂಟರ್ ಕೆಡಿಸಿದವನು

ತಳೇಗಾಂವದಿಂದ ವರನ ಕಡೆಯವರು ಬರುವ ಭಾನುವಾರ ಬೆಳಿಗ್ಗೆ ಇಂದೂ ಅಡಿಗೆಮನೆಯಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದರೆ, ಅವಳ ಮಗಳು ಪೂರ್ವಾ ಒಳಕೋಣೆಯಲ್ಲಿ ಹಳೆಯ ಚೂಡಿದಾರದಲ್ಲೇ ಕಂಪ್ಯೂಟರಿನ ಮುಂದೆ ಕೂತಿದ್ದಳು. ಪರದೆಯ ಮೇಲೆ ಒಂದು ಪ್ರೋಟೀನಿನ ಚಿತ್ರವಿತ್ತು. ಹಸಿರು ಹಳದಿ ರಿಬ್ಬನ್ನುಗಳನ್ನು ಸುತ್ತಿ ಸುತ್ತಿ ಉಂಡೆ ಮಾಡಿಟ್ಟ ಹಾಗೆ ಕಾಣುತ್ತಿತ್ತು. ಮೌಸ್ ಹಿಡಿದು ಎಳೆದರೆ ಅದು ಸಲೀಸಾಗಿ ತಿರುಗಬೇಕು. ಆದರೆ ಎಳೆದಾಗ ಸುಮ್ಮನೆ ನಿಂತಿದ್ದು, ಆಮೇಲೆ ಒಮ್ಮೆಲೇ ಜಿಗಿದು ಇನ್ನೊಂದು ಮಗ್ಗುಲಿಗೆ ಬಂದು ನಿಲ್ಲುತ್ತಿತ್ತು.

"ಪೂರ್ವಾ, ಸೀರಿ ಉಟ್ಕೋ. ಅವರು ಲೋಕಲ್ ರೈಲು ಹತ್ತಿರ್ತಾರ ಈಗ."

"ಬಂದೆ ಅಮ್ಮಾ."

ಬರಲಿಲ್ಲ. ಮರುದಿನ ಸೋಮವಾರ ಅವಳ ಸಂಶೋಧನೆಯ ಮಾರ್ಗದರ್ಶಕಿ ಗೈಡ್ ಬಾಯಿಯವರಿಗೆ ಈ ಪ್ರೋಟೀನ್ ಸುತ್ತಲೂ ತಿರುಗುವ ಒಂದು ಸಣ್ಣ ಫಿಲ್ಮನ್ನು ಸಿಡಿಯಲ್ಲಿ ಹಾಕಿ ತೋರಿಸಬೇಕಿತ್ತು. ಎಂ.ಎಸ್‌ಸಿ. ಮುಗಿಸಿ ಪ್ರಯೋಗಾಲಯಕ್ಕೆ ಸೇರಿದ ಮೇಲೆ ಅವಳಿಗೆ ಸಿಕ್ಕ ಮೊದಲ ಸ್ವಂತ ಕೆಲಸ ಅದು. ಶುಕ್ರವಾರ ಗೆಳತಿಯೊಬ್ಬಳು ಅಣುಗಳನ್ನು ನೋಡುವ ಆ ಪ್ರೋಗ್ರಾಮಿನ ಹೊಸ ಆವೃತ್ತಿಯನ್ನು ಕೊಟ್ಟಿದ್ದಳು. ಅದನ್ನು ಹಾಕಿಕೊಂಡಾಗಿನಿಂದ ಈ ಗೋಳು. ಹಳೆಯದನ್ನು ಅಳಿಸಿಬಿಟ್ಟಿದ್ದಳು.

ಅವಳ ಕಂಪ್ಯೂಟರನ್ನು ನಡೆಸುತ್ತಿದ್ದ ಮೂಲ ತಂತ್ರಾಂಶ ಲಿನಕ್ಸ್. ಅದು ಎರಡು ಸಾವಿರದ ನಾಲ್ಕನೇ ಇಸವಿ. ಪ್ರಯೋಗಾಲಯದವರೆಲ್ಲ ಅದನ್ನೇ ಬಳಸುತ್ತಿದ್ದರು. ಕೆಟ್ಟರೆ ಅಂಗಡಿಯವರು ಕೈ ಹಾಕುತ್ತಿರಲಿಲ್ಲ, ತಾವೇ ಓದಿಕೊಂಡು ಸರಿಮಾಡಿಕೊಳ್ಳಬೇಕು. ಪೂರ್ವಾಗೆ ಅದರಲ್ಲಿ ಬೇಸರವಿರಲಿಲ್ಲ. ಇವತ್ತೇ ಯಾರೋ ತನ್ನನ್ನು ನೋಡಲು ಬರುತ್ತಿರುವುದರಲ್ಲಿ ಮಾತ್ರ ಬೇಸರವಿತ್ತು.

ಅವಳ ತಂದೆ ಬಿಂದುಮಾಧವ ವಕೀಲರು. ಧಾರವಾಡದಲ್ಲಿ ಓದಿ, ಪುಣೆಗೆ ಬಂದು, ಶಿವಾಜಿನಗರದ ಕೋರ್ಟಿಗೆ ನಡೆದುಕೊಂಡೇ ಹೋಗುವಷ್ಟು ಹತ್ತಿರ ಮನೆ ಮಾಡಿದವರು. ಈ ಸಂಬಂಧ ತಂದವರು ಅವರ ಅಕ್ಕ, ವಿಮಾನ ನಗರದ ಭಾಮಾ. ಹುಡುಗ ಬೆಳಗಾವಿ ಕಡೆಯವನು, ಹೆಸರು ಓಂಕಾರ್, ತಳೇಗಾಂವದ ಕಾರ್ಖಾನೆಯೊಂದರಲ್ಲಿ ಕೆಲಸ. ತಂದೆ ಇಲ್ಲ, ತಾಯಿ ಯಮುನಾಬಾಯಿ ಜೊತೆಗಿದ್ದಾರೆ. ಪೂರ್ವಾಗೆ ಗೊತ್ತಿದ್ದದ್ದು ಇಷ್ಟೇ.

ಅವರು ಬಂದರು. ಅಷ್ಟರಲ್ಲಿ ಪೂರ್ವಾ ಹೇಗೋ ಸೀರೆ ಉಟ್ಟು ಮುಗಿಸಿದ್ದಳು. ಯಮುನಾಬಾಯಿಯವರದು ನೀಲಿ ಇಳಕಲ್ ಸೀರೆ. ಮೆಟ್ಟಿಲು ಹತ್ತಿ ಮೊಣಕಾಲು ನೋಯುತ್ತಿದ್ದರೂ ಮುಖದಲ್ಲಿ ನಗೆಯಿತ್ತು. ಹಿಂದೆ ಬಂದ ಓಂಕಾರ್ ಉದ್ದಕ್ಕಿದ್ದ. ಚಪ್ಪಲಿಗಳನ್ನು ಗೋಡೆಗೆ ನೇರವಾಗಿ ಇಟ್ಟು ಒಳಗೆ ಬಂದ. ಉಪ್ಪಿಟ್ಟು, ಶಿರಾ, ಚಹಾ ಆಯಿತು. ಬಿಂದುಮಾಧವರು ಕೋರ್ಟಿನಲ್ಲಿ ಸಾಕ್ಷಿಯನ್ನು ಕೇಳುವ ರೀತಿಯಲ್ಲೇ ಹುಡುಗನನ್ನು ಕೇಳಿದರು.

"ಕಾರ್ಖಾನ್ಯಾಗ ನಿಮ್ಮ ಕೆಲಸ ಅಂದ್ರ ನಿಖರ ಏನ್ರಿ?"

"ಡಿಸೈನ್ ವಿಭಾಗದಾಗ ಕಂಪ್ಯೂಟರ್ ನೋಡ್ಕೋತೀನ್ರಿ. ಗಾಡಿ ಭಾಗಗಳ ಚಿತ್ರಾ ಅಲ್ಲೆ ತಯಾರಾಗ್ತಾವ. ಅವು ನಿಂತ್ರ ನನ್ನ ಕರೀತಾರ."

"ನಿಂತಿಲ್ಲಂದ್ರ?"

ಓಂಕಾರ್ ಸ್ವಲ್ಪ ಯೋಚಿಸಿದ. "ನಿಂದ್ರಬಾರದು ಅಂತ ನೋಡ್ಕೋತ ಕೂಡ್ತೀನ್ರಿ."

ಯಮುನಾಬಾಯಿ ನಕ್ಕರು. ಬಿಂದುಮಾಧವರಿಗೆ ಮುಂದಿನ ಪ್ರಶ್ನೆ ಮರೆತುಹೋಯಿತು. ಆ ಸಂದಿಯಲ್ಲಿ, ತಮ್ಮನ ಪಕ್ಕ ಕೂತಿದ್ದ ಭಾಮಾ ಎದ್ದು, "ಮಕ್ಕಳು ಒಂದೀಟು ಮಾತಾಡ್ಲಿ. ಪೂರ್ವಾ, ನಿನ್ನ ಖೋಲಿ ತೋರಿಸವಾ ಅವರಿಗೆ. ಬಾಗಲಾ ತಗದಿರ್ಲಿ," ಎಂದಳು.

ಪೂರ್ವಾ ಕಂಪ್ಯೂಟರನ್ನು ಆರಿಸಿರಲಿಲ್ಲ. ಇಬ್ಬರೂ ಒಳಗೆ ಬಂದಾಗ ಪರದೆಯ ಮೇಲೆ ಪ್ರೋಟೀನು ತಾನೇ ತಿರುಗಲು ಒದ್ದಾಡುತ್ತಿತ್ತು. ಒಮ್ಮೆ ಜಿಗಿಯುವುದು, ಒಮ್ಮೆ ನಿಲ್ಲುವುದು. ಓಂಕಾರ್ ಕುರ್ಚಿಯಲ್ಲಿ ಕೂರಲಿಲ್ಲ, ಪುಸ್ತಕದ ಕಪಾಟನ್ನೂ ನೋಡಲಿಲ್ಲ, ಅವಳನ್ನೂ ನೋಡಲಿಲ್ಲ.

"ಇದ್ಯಾಕ್ರಿ ಹಿಂಗ ಕುಂಟಲಿಕ್ಹತ್ತದ?"

"ಶುಕ್ರವಾರದಿಂದ ಹಿಂಗ ಅದ. ಹೊಸಾ ಆವೃತ್ತಿ ಭಾರ ಆಗಿರಬೇಕು. ಗ್ರಾಫಿಕ್ಸ್ ಕಾರ್ಡು ಹಳೇದು."

"ಕಾರ್ಡ್ ಯಾವುದು?"

ಅವಳು ಹೇಳಿದಳು. ಅವನು ತಲೆ ಅಲ್ಲಾಡಿಸಿದ. "ಅದಕ್ಕ ಇದು ಭಾರ ಅಲ್ರಿ. ಕಾರ್ಡ್ ನಡಿಸೂ ಪ್ರೋಗ್ರಾಮು, ಡ್ರೈವರ್ ಅಂತಾರಲ್ರಿ, ಅದು ಹಳೇದು ಇರಬೇಕು. ನಮ್ಮಲ್ಲೆ ಒಂದಕ್ಕ ಹಿಂಗ ಆಗಿತ್ತು."

ಹೊಸ ಡ್ರೈವರ್ ಇರುವ ಸಿಡಿ ಅವಳ ಮೇಜಿನ ಮೇಲೇ ಇತ್ತು. ಪ್ರಯೋಗಾಲಯದಿಂದ ತಂದು, ಹಾಕಲು ಧೈರ್ಯವಾಗದೆ ಬಿಟ್ಟಿದ್ದಳು. ಅದನ್ನು ನೋಡಿ ಅವನ ಮುಖ ಅರಳಿತು.

"ಹಾಕಿ ನೋಡೂಣೇನ್ರಿ? ನಾ ಇಲ್ಲೆ ಕೂಡ್ಲಿ?"

ಕೇಳಿಯೇ ಕೂತ, ಅದೊಂದು ಅವಳಿಗೆ ಸರಿಯೆನಿಸಿತು. ಅವನ ಬೆರಳುಗಳು ಚುರುಕಾಗಿದ್ದವು. ಚಿತ್ರಗಳ ಪರದೆಯನ್ನು ಮುಚ್ಚಿ, ಬರೀ ಅಕ್ಷರಗಳ ಕಪ್ಪು ಪರದೆಗೆ ಬಂದು, ಹೊಸ ಡ್ರೈವರನ್ನು ಹಾಕಿದ. ಒಂದೆರಡು ಎಚ್ಚರಿಕೆಯ ಸಾಲುಗಳು ಬಂದವು. ಅವು ಯಾವಾಗಲೂ ಬರುತ್ತವೆ ಅಂದ. ಚಿತ್ರಗಳ ಪರದೆಯನ್ನು ಮತ್ತೆ ಎಬ್ಬಿಸಲು ಕಂಪ್ಯೂಟರಿಗೆ ಆಜ್ಞೆ ಕೊಟ್ಟ.

ಪರದೆ ಮಿಟುಕಿತು, ಕಪ್ಪಾಯಿತು. ಮತ್ತೆ ಮಿಟುಕಿತು, ಮತ್ತೆ ಕಪ್ಪಾಯಿತು. ಕೊನೆಗೆ ಬಿಳಿ ಅಕ್ಷರಗಳಲ್ಲಿ ಒಂದು ಇಂಗ್ಲಿಷ್ ಸಾಲು ಬಂದು ನಿಂತಿತು. ಯಾವ ಪರದೆಯೂ ಸಿಗಲಿಲ್ಲ ಅಂತ ಅದರ ಅರ್ಥ. ಅದನ್ನು ಪರದೆಯ ಮೇಲೆಯೇ ಬರೆದಿತ್ತು.

ಓಂಕಾರ್ ಇನ್ನೊಮ್ಮೆ ಮಾಡಿ ನೋಡಿದ. ಅದೇ ಸಾಲು. ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡ. ಅವನ ಕಿವಿಗಳು ಕೆಂಪಾಗಿದ್ದವು.

"ನಾ ಕೆಡಿಸಿಬಿಟ್ಟೆ," ಅಂದ.

ಪೂರ್ವಾಗೆ ಸಿಟ್ಟು ನೆತ್ತಿಗೇರಿತ್ತು. ಹೊರಗೆ ಅತಿಥಿಗಳಿದ್ದಾರೆ ಎಂದು ಹಲ್ಲು ಕಚ್ಚಿ ನಿಂತಿದ್ದಳು. ಆದರೆ ಪ್ರಯೋಗಾಲಯದಲ್ಲಿ ಯಾರಾದರೂ ಏನಾದರೂ ಕೆಡಿಸಿದರೆ ಮೊದಲು ಬರುವ ಮಾತು 'ಅದು ಮೊದಲೇ ಹಾಗಿತ್ತು' ಅಂತ. ಈ ಮನುಷ್ಯ ಹಾಗೆ ಅನ್ನಲಿಲ್ಲ. ಕಾರ್ಡನ್ನು ಬೈಯಲಿಲ್ಲ, ಸಿಡಿಯನ್ನು ಬೈಯಲಿಲ್ಲ.

"ನಾಳೆ ನಮ್ಮ ಗೈಡ್‌ಗ ತೋರಿಸಬೇಕಿತ್ರಿ," ಅಂದಳು.

"ಸರಿ ಮಾಡದ ನಾ ಮನಿಗೆ ಹೋಗೂದಿಲ್ರಿ."

ಒಳಗೆ ಮಾತು ನಿಂತದ್ದು ಕೇಳಿ ಭಾಮಾ ಬಾಗಿಲಲ್ಲಿ ಇಣುಕಿದಳು. ಕನ್ಯೆ ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದಾಳೆ, ವರ ತಲೆ ತಗ್ಗಿಸಿ ಕೂತಿದ್ದಾನೆ. ಸಂಬಂಧ ಮುರಿದೇಹೋಯಿತು ಎಂದುಕೊಂಡಳು.

"ಏನಾತವಾ?"

"ಕಂಪ್ಯೂಟರ್ ಬಂದ್ ಬಿತ್ತು ಅತ್ಯಾ."

"ಅಷ್ಟ ಹೌದಲ್ಲವಾ?" ಅಂದು ಭಾಮಾ ಎದೆಯ ಮೇಲೆ ಕೈಯಿಟ್ಟುಕೊಂಡಳು.

ಹೊಸದನ್ನು ತೆಗೆದು ಹಳೆಯ ಡ್ರೈವರನ್ನು ಮರಳಿ ಹೇಗೆ ಕೂರಿಸಬೇಕೆಂಬುದು ಇಬ್ಬರಿಗೂ ಪೂರ್ತಿ ಗೊತ್ತಿರಲಿಲ್ಲ. ಕಾರ್ಖಾನೆಯಲ್ಲಾದರೆ ಪಕ್ಕದ ಕಂಪ್ಯೂಟರಿನಲ್ಲಿ ಹುಡುಕುತ್ತಿದ್ದೆ ಅಂದ ಓಂಕಾರ್. ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ; ಏನಿದ್ದರೂ ಎರಡು ಓಣಿ ದಾಟಿದ ಸೈಬರ್ ಕೆಫೆಗೆ ಪೂರ್ವಾ ಹೋಗುತ್ತಿದ್ದಳು. ಇಬ್ಬರೂ ಹೊರಗಿನ ಖೋಲಿಗೆ ಬಂದು ನಿಂತರು. ಪೂರ್ವಾನೇ ಹೇಳಿದಳು.

ಬಿಂದುಮಾಧವರು ಕನ್ನಡಕ ತೆಗೆದರು. "ಕನ್ಯಾ ನೋಡ್ಲಿಕ್ಕೆ ಬಂದವರು ಕನ್ಯಾನ್ನ ಕರಕೊಂಡು ಸೈಬರ್ ಕೆಫೆಗೆ ಹೋಗೂದು ನಾ ಎಲ್ಲೂ ಕೇಳಿಲ್ಲ."

"ಅವರು ನನ್ನ ಕರಕೊಂಡು ಹೊಂಟಿಲ್ಲ ಅಪ್ಪಾ, ನಾನ ಅವರನ್ನ ಕರಕೊಂಡು ಹೊಂಟೀನಿ. ಅವರಿಗೆ ದಾರಿ ಗೊತ್ತಿಲ್ಲ."

ಇಂದೂ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಯಮುನಾಬಾಯಿ ಚಹಾದ ಬಟ್ಟಲನ್ನು ಕೆಳಗಿಟ್ಟರು.

"ಅಂವಾ ಕೆಡಿಸ್ಯಾನಂದ ಮ್ಯಾಲೆ ಅಂವನ ಸರಿ ಮಾಡ್ಲಿ. ಹೋಗಿ ಬರ್ಲಿ ಬಿಡ್ರಿ ವಕೀಲರ. ನಾ ಇಲ್ಲೆ ಕೂತಿರ್ತೀನಿ, ನನ್ನ ಬಿಟ್ಟು ಎಲ್ಲಿ ಹೋಗ್ತಾನ?"

ಹಾಗೆ ಅವರಿಬ್ಬರೂ ಹೊರಬಿದ್ದರು. ಪೂರ್ವಾ ಸೀರೆಯುಟ್ಟು ಅಷ್ಟು ಬೇಗ ಬೇಗ ನಡೆದದ್ದು ಅದೇ ಮೊದಲು. ಭಾನುವಾರವಾದ್ದರಿಂದ ರಸ್ತೆಯಲ್ಲಿ ಕೋರ್ಟಿನವರ ಗದ್ದಲವಿರಲಿಲ್ಲ. ಕಬ್ಬಿನ ಹಾಲಿನ ಗಾಣದ ಮುಂದೆ ಕಾಲೇಜಿನ ಹುಡುಗರು ನಿಂತಿದ್ದರು. ಕೆಳಗಿನ ಮನೆಯ ಜೋಶಿಕಾಕು ತರಕಾರಿ ಚೀಲ ಹಿಡಿದು ಎದುರಿಗೆ ಬಂದು, ಪೂರ್ವಾಳ ಜರಿ ಅಂಚಿನ ಸೀರೆಯನ್ನೂ ಪಕ್ಕದ ಉದ್ದ ಗಂಡಸನ್ನೂ ತಿರುಗಿ ತಿರುಗಿ ನೋಡುತ್ತ ದಾಟಿಹೋದರು.

ಕೆಫೆಯವನು ಪೂರ್ವಾಳನ್ನು ಬಲ್ಲವನೇ. "ಏಕಾಚ್ ಮಶೀನ್‌ವರ್ ದೋಘಂ?" ಅಂತ ಮರಾಠಿಯಲ್ಲಿ ಕೇಳಿದ. ಒಂದೇ ಮಶೀನಿಗೆ ಇಬ್ಬರೂ ಕೂರುತ್ತೀರಾ ಎಂದು.

"ಹೋ, ಏಕಚ್ ಪುರೇ," ಅಂದಳು, ಒಂದೇ ಸಾಕು ಎಂದು.

ಅಗಲ ಕಡಿಮೆಯಿದ್ದ ಆ ಗೂಡಿನಲ್ಲಿ ಎರಡು ಸ್ಟೂಲು ಹಾಕಿಕೊಂಡು ಇಬ್ಬರೂ ಮೊಣಕೈ ತಾಗದಂತೆ ಮೈ ಬಿಗಿಹಿಡಿದು ಕೂತರು. ಓದುತ್ತ ಓದುತ್ತ ಆ ಬಿಗಿತ ಸಡಿಲಾಯಿತು. ಓಂಕಾರ್ ಪುಟವನ್ನು ಬೇಗ ಕೆಳಗೆ ಸರಿಸುತ್ತಿದ್ದ, ಅವಳು "ತಡೀರಿ, ತಡೀರಿ" ಅನ್ನುತ್ತಿದ್ದಳು. ಅವಳು ಸಾಲು ಸಾಲಾಗಿ ಓದುವವಳು, ಅವನು ಮೊದಲು ಕೊನೆ ನೋಡಿ ಆಮೇಲೆ ನಡುವಿಗೆ ಬರುವವನು. ಇದೇ ಕಷ್ಟ ಕಂಡ ಯಾರೋ ಬ್ರೆಜಿಲಿನವನು ಉತ್ತರವನ್ನೂ ಬರೆದಿಟ್ಟಿದ್ದ: ಹೊಸ ಡ್ರೈವರಿಗೆ ಲಿನಕ್ಸಿನ ತಿರುಳೂ ಹೊಸದಿರಬೇಕು, ಹಳೆಯದಿದ್ದರೆ ಕೂರುವುದಿಲ್ಲ, ಹೀಗೆ ಹೀಗೆ ಮಾಡಿ ತೆಗೆಯಿರಿ. ಆ ಆಜ್ಞೆಗಳನ್ನು ಪೂರ್ವಾ ತನ್ನ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡಳು.

"ಎಚ್ಚರಿಕಿ ಸಾಲು ಬಂದಾಗ ನಾ ಓದಬೇಕಾಗಿತ್ತು," ಅಂದ ಓಂಕಾರ್. "ಅದರಾಗ ಇದನ್ನ ಹೇಳಿತ್ತು ಅದು."

"ನಾನೂ ಪಕ್ಕದಾಗ ನಿಂತಿದ್ದೆನಲ್ರಿ. ನಾನೂ ಓದಲಿಲ್ಲ."

ಮರಳಿ ಬರುವಾಗ ನಡಿಗೆ ನಿಧಾನವಾಗಿತ್ತು. ಯೋಚಿಸುತ್ತ ಬರುತ್ತಿದ್ದ ಪೂರ್ವಾ ಹೇಳಿದಳು: "ಗಿಯರ್ ಮಾತ್ರ ಛಲೋ ತಿರುಗತಿದ್ವು."

ಲಿನಕ್ಸಿನಲ್ಲಿ ಮೂರು ಆಯಾಮದ ಚಿತ್ರ ಸರಿಯಾಗಿ ಬರುತ್ತದೆಯೇ ಎಂದು ನೋಡಲು ಒಂದು ಸಣ್ಣ ಪ್ರೋಗ್ರಾಮಿರುತ್ತದೆ. ಕೆಂಪು, ಹಸಿರು, ನೀಲಿ ಮೂರು ಹಲ್ಲಿನ ಗಾಲಿಗಳು ಒಂದಕ್ಕೊಂದು ಕಚ್ಚಿಕೊಂಡು ತಿರುಗುತ್ತವೆ, ಅಷ್ಟೇ. ಓಂಕಾರ್ ರಸ್ತೆಯ ನಡುವೆಯೇ ನಿಂತುಬಿಟ್ಟ. ರಿಕ್ಷಾದವನೊಬ್ಬ ಬೈದುಕೊಂಡು ಪಕ್ಕದಿಂದ ಹೋದ.

"ಯಾವಾಗ ನೋಡಿದ್ರಿ?"

"ಶುಕ್ರವಾರ. ಪ್ರೋಟೀನ್ ಕುಂಟಲಿಕ್ಹತ್ತಿದ ಮ್ಯಾಲೆ. ಗಿಯರ್ ಗರಗರ ತಿರುಗಿದ್ವು."

"ಇದನ್ನ ನೀವು ಮೊದಲ ಹೇಳಲಿಲ್ಲಲ್ರಿ!"

"ನೀವು ಕೇಳಲಿಲ್ಲಲ್ರಿ."

ಅವನು ಏನೋ ಹೇಳಲು ಹೋಗಿ ನಕ್ಕುಬಿಟ್ಟ. ಪೂರ್ವಾಗೂ ನಗು ಬಂತು. "ಹಂಗಾದ್ರ ಡ್ರೈವರಿಂದು ಏನೂ ತಪ್ಪಿದ್ದಿಲ್ಲ," ಅಂದ ಅವನು. "ಡ್ರೈವರ್ ಕೆಟ್ಟಿದ್ರ ಗಿಯರೂ ಕುಂಟಬೇಕಿತ್ತು. ಸುಮ್ಮ ಸುಮ್ಮನ ಕೆಡಿಸಿದೆ ನಾ."

ಮನೆಗೆ ಬಂದಾಗ ಬಾಗಿಲಲ್ಲೇ ಬದನೆಕಾಯಿ ಎಣ್ಣೆಗಾಯಿಯ ವಾಸನೆ ಬಂತು. ಊಟದ ಮಾತು ಯಾರೂ ಆಡಿರಲಿಲ್ಲ. ಹುಡುಗ ಊಟದ ಹೊತ್ತಿಗೂ ಹೊರಡುವುದಿಲ್ಲ ಎಂಬುದು ಇಂದೂಗೆ ತಾನೇ ತಿಳಿದಿತ್ತು. ಯಮುನಾಬಾಯಿ ಅಡಿಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಹಸಿಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಇಬ್ಬರು ತಾಯಂದಿರೂ ಬೆಳಗಾವಿಯ ಯಾವುದೋ ಓಣಿಯ ಗಿರಣಿಯ ಬಗ್ಗೆ ಮಾತಾಡುತ್ತಿದ್ದರು. ಇಂದೂ ಸಣ್ಣವಳಿದ್ದಾಗ ಸೋದರಮಾವನ ಮನೆಗೆ ಹೋದರೆ ಆ ಗಿರಣಿಗೇ ಜೋಳ ಬೀಸಿಸಲು ಹೋಗುತ್ತಿದ್ದಳಂತೆ.

ಅಂಗೈ ನೋಡಿಕೊಂಡು ಪೂರ್ವಾ ಒಂದೊಂದೇ ಆಜ್ಞೆಯನ್ನು ಓದಿ ಹೇಳಿದಳು, ಓಂಕಾರ್ ಬೆರಳಚ್ಚು ಮಾಡಿದ. ಈ ಸಲ ಬಂದ ಪ್ರತಿ ಸಾಲನ್ನೂ ಇಬ್ಬರೂ ಸೇರಿ ಓದಿದರು. ಹೊಸ ಡ್ರೈವರ್ ಹೋಯಿತು, ಹಳೆಯದು ಕೂತಿತು. ಪರದೆ ಮಿಟುಕಿತು. ಆಮೇಲೆ ಅವಳ ನೀಲಿ ಹಿನ್ನೆಲೆ, ಅವಳ ಚಿಕ್ಕ ಚಿಕ್ಕ ಚಿತ್ರಗಳು ಎಲ್ಲ ಮೊದಲಿನ ಹಾಗೆ ಬಂದು ನಿಂತವು. ಓಂಕಾರ್ ಕುರ್ಚಿಗೆ ಪೂರ್ತಿ ಒರಗಿ ಉಸಿರು ಬಿಟ್ಟ. ಆಮೇಲೆ ಎದ್ದುನಿಂತು, "ನೀವು ಕೂಡ್ರಿ. ನಿಮ್ಮ ಮಶೀನು," ಅಂದ.

ಪೂರ್ವಾ ಕೂತಳು. ಗಿಯರನ್ನು ಓಡಿಸಿದಳು, ಮೂರೂ ಗಾಲಿ ನೀರಿನಂತೆ ತಿರುಗಿದವು. ಪ್ರೋಟೀನನ್ನು ತೆರೆದಳು, ಅದು ಕುಂಟಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಇಬ್ಬರೂ ನೋಡಿದರು. ಒಂದೇ ಕಾರ್ಡು, ಒಂದೇ ಡ್ರೈವರು. ಒಂದು ಸರಿ, ಇನ್ನೊಂದು ಇಲ್ಲ.

"ಇವೆರಡರ ನಡುವ ಏನೋ ಬ್ಯಾರೆ ಅದ," ಅಂದಳು ಪೂರ್ವಾ.

"ಲೈಬ್ರರಿ?"

"ಅದನ್ನ ನಾನೂ ಅನ್ಕೊಂಡೆ."

ಊಟಕ್ಕೆ ಕರೆಯಲು ಬಂದ ಬಿಂದುಮಾಧವರು ಬಾಗಿಲಲ್ಲೇ ನಿಂತು ಕೇಳಿದರು, "ಯಾವ ಲೈಬ್ರರಿ? ಭಾನುವಾರ ಯಾವ ಲೈಬ್ರರಿನೂ ತಗದಿರೂದಿಲ್ಲ."

"ಪುಸ್ತಕದ್ದಲ್ಲ ಅಪ್ಪಾ. ಚಿತ್ರಾ ಬಿಡಿಸೂ ಕೆಲಸಾನ ಪ್ರತಿ ಪ್ರೋಗ್ರಾಮೂ ತಾನ ಮಾಡ್ಕೊಳ್ಳೂದಿಲ್ಲ. ಅದಕ್ಕಂತ ಬ್ಯಾರೆ ಒಂದು ಕಡತಾ ಇರ್ತದ. ಎಲ್ಲಾ ಪ್ರೋಗ್ರಾಮೂ ಅದರ ಹೆಸರು ಹಿಡಿದು ಕರೀತಾವ, ಅದು ಬಂದು ಕಾರ್ಡಿಗೆ ಹೇಳಿ ಚಿತ್ರಾ ಮಾಡಿಸಿ ಕೊಡ್ತದ. ಆ ಕಡತಕ್ಕ ಲೈಬ್ರರಿ ಅಂತಾರ."

"ಹೂಂ," ಅಂದರು ವಕೀಲರು. ಹೋಗಲಿಲ್ಲ, ಅಲ್ಲೇ ನಿಂತರು.

ಒಂದು ಪ್ರೋಗ್ರಾಮು ಯಾವ ಯಾವ ಲೈಬ್ರರಿಯನ್ನು ಎಲ್ಲಿಂದ ತೆಗೆದುಕೊಳ್ಳುತ್ತದೆ ಎಂದು ಕೇಳಿದರೆ ಹೇಳುವ ಒಂದು ಆಜ್ಞೆ ಲಿನಕ್ಸಿನಲ್ಲಿದೆ. ಪೂರ್ವಾ ಅದನ್ನು ಮೊದಲು ಗಿಯರಿಗೆ ಕೊಟ್ಟಳು. ಉದ್ದಕ್ಕೆ ಸಾಲುಗಳು ಬಂದವು. ಚಿತ್ರ ಬಿಡಿಸುವ ಲೈಬ್ರರಿಯ ಹೆಸರಿನ ಮುಂದೆ ಡ್ರೈವರಿನ ಜೊತೆ ಬಂದ ಕಡತದ ಜಾಗವಿತ್ತು. ಆಮೇಲೆ ಪ್ರೋಟೀನ್ ತೋರಿಸುವ ಪ್ರೋಗ್ರಾಮಿಗೆ ಕೊಟ್ಟಳು. ಮತ್ತೆ ಸಾಲುಗಳು. ಅವಳು ಎಂದಿನಂತೆ ಮೇಲಿನಿಂದ ಓದತೊಡಗಿದಳು, ಅವನು ಕೆಳಗಿನಿಂದ. ನಡುವಿನಲ್ಲಿ ಒಂದು ಸಾಲಿಗೆ ಬಂದು ಇಬ್ಬರ ಬೆರಳೂ ಪರದೆಗೆ ತಾಗಿದವು.

ಹೆಸರು ಅದೇ, ಜಾಗ ಬೇರೆ. ಹೊಸ ಆವೃತ್ತಿ ಮಾಡಿದವರು ಯಾವ ಕಂಪ್ಯೂಟರಿನಲ್ಲಾದರೂ ಓಡಲಿ ಎಂದು ತಮ್ಮದೇ ಒಂದು ಲೈಬ್ರರಿಯನ್ನು ಅದರ ಫೋಲ್ಡರಿನೊಳಗೇ ಇಟ್ಟು ಕೊಟ್ಟಿದ್ದರು. ಅದಕ್ಕೆ ಗ್ರಾಫಿಕ್ಸ್ ಕಾರ್ಡಿನ ಪರಿಚಯವೇ ಇಲ್ಲ. ಇದ್ದ ಕೆಲಸವನ್ನೆಲ್ಲ ತಾನೊಂದೇ ಲೆಕ್ಕ ಹಾಕಿ, ಚುಕ್ಕೆ ಚುಕ್ಕೆ ಇಟ್ಟು ಚಿತ್ರ ಬಿಡಿಸುತ್ತಿತ್ತು. ಕಾರ್ಡು ಸುಮ್ಮನೆ ಪಕ್ಕದಲ್ಲಿ ಕೂತಿತ್ತು.

"ಅಂದ್ರ ಒಂದ ಹೆಸರಿನವರು ಇಬ್ಬರು," ಅಂದರು ಬಿಂದುಮಾಧವರು ಬಾಗಿಲಿನಿಂದ. "ಕೋರ್ಟಿನ್ಯಾಗ ಹಿಂಗ ಆಗ್ತಿರ್ತದ. ಹೆಸರು ಕೂಗಿದ ಕೂಡ್ಲೆ ಹತ್ತಿರ ಇದ್ದಂವಾ ಬಂದು ಕಟಕಟಿಯೊಳಗ ನಿಂತುಬಿಡ್ತಾನ. ಖರೇ ಮನಷ್ಯಾ ಹೊರಗ ಚಹಾ ಕುಡಕೋತ ಕೂತಿರ್ತಾನ."

"ಅದ ಆಗೇದ್ರಿ," ಅಂದ ಓಂಕಾರ್ ತಿರುಗಿ. "ಅಗದೀ ಅದ."

ವಕೀಲರಿಗೆ ಖುಷಿಯಾಯಿತು. ಒಳಗೆ ಬಂದು ಮಂಚದ ತುದಿಯಲ್ಲಿ ಕೂತರು.

"ಅದನ್ನ ಅಳಿಸಿಬಿಡಲಿ?" ಪೂರ್ವಾ ಕೇಳಿದಳು.

"ಬ್ಯಾಡ್ರಿ. ಹೆಸರು ಬದಲಿ ಮಾಡಿ ಇಡ್ರಿ. ಮುಂಜಾನಿಯಿಂದ ಅಷ್ಟು ಕಲತೀನಿ ನಾ."

ಅವಳು ಫೋಲ್ಡರಿನೊಳಗಿನ ಆ ಕಡತದ ಹೆಸರಿನ ಕೊನೆಗೆ 'ಹಳೇದು' ಎಂದು ಸೇರಿಸಿದಳು. ಆ ಹೆಸರು ಅಲ್ಲಿ ಸಿಗದಿದ್ದರೆ ಪ್ರೋಗ್ರಾಮು ಡ್ರೈವರಿನ ಜೊತೆ ಬಂದ ಕಡತವನ್ನೇ ಕರೆಯಬೇಕಾಗುತ್ತದೆ. ಪ್ರೋಗ್ರಾಮನ್ನು ಮತ್ತೆ ತೆರೆದಳು. ಮೌಸನ್ನು ಮೆಲ್ಲಗೆ ಎಳೆದಳು. ಹಸಿರು ಹಳದಿ ಉಂಡೆ ಅವಳ ಕೈಯ ಜೊತೆಗೇ ತಿರುಗಿತು. ಎಡಕ್ಕೆ ಎಳೆದರೆ ಎಡಕ್ಕೆ, ಮೇಲಕ್ಕೆ ಎಳೆದರೆ ಮೇಲಕ್ಕೆ. ಬೇಗ ಎಳೆದು ಬಿಟ್ಟರೆ ತಾನೇ ಸುತ್ತುತ್ತ ಹೋಯಿತು. ಪೂರ್ವಾ "ಅಯ್ಯ!" ಎಂದು ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದಳು. ಆ ಸದ್ದಿಗೆ ಅಡಿಗೆಮನೆಯಿಂದ ಮೂವರೂ ಹೆಂಗಸರು ಬಂದರು.

ಯಮುನಾಬಾಯಿ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಎಷ್ಟು ಛಂದ ಅದವಾ. ಏನಿದು?"

"ಕ್ಷಯರೋಗದ ಕ್ರಿಮಿಯೊಳಗಿನ ಪ್ರೋಟೀನ್ ರೀ. ಇಲ್ಲೆ ನೋಡ್ರಿ, ಇಲ್ಲೊಂದು ಸಂದಿ ಅದ. ಈ ಸಂದಿಯೊಳಗ ಅಗದೀ ಸರಿಯಾಗಿ ಕೂಡೂ ಔಷಧ ಸಿಕ್ಕರ ಕ್ರಿಮಿ ಬೆಳಿಯೂದು ನಿಲ್ತದ. ಯಾವುದು ಕೂಡ್ತದ ಅಂತ ನಾವು ಹುಡುಕ್ತೀವಿ."

ಯಮುನಾಬಾಯಿ ಪರದೆಯ ಹತ್ತಿರ ಸರಿದರು. ಬಿಂದುಮಾಧವರು ಎದ್ದು ಮಂಚದ ಮೇಲೆ ಅವರಿಗೆ ಜಾಗ ಬಿಟ್ಟರು. ಅವರು ಕೂತರು.

"ನಮ್ಮ ಅಣ್ಣಗ ಅದ ಆಗಿತ್ತು," ಅಂದರು. "ನಾ ಸಣ್ಣಾಕಿ. ಅವನ ತಾಟು, ಅವನ ಚರಿಗಿ ಬ್ಯಾರೆ ಇಟ್ಟಿದ್ರು. ಏನು ಹೊಕ್ಕದ ಅಂವನ ಎದಿಯೊಳಗ ಅಂತ ನಾ ಅವ್ವನ್ನ ಕೇಳ್ತಿದ್ದೆ. ಆಕಿಗೇನು ಗೊತ್ತು." ಪರದೆಯ ಕಡೆ ಬಾಗಿದರು. "ಇನ್ನೊಮ್ಮೆ ತಿರುಗಸವಾ. ಆ ಸಂದಿ ತೋರಸು."

ಪೂರ್ವಾ ನಿಧಾನವಾಗಿ ತಿರುಗಿಸಿದಳು. ಸಂದಿ ಮುಂದೆ ಬಂದಾಗ ನಿಲ್ಲಿಸಿ ದೊಡ್ಡದು ಮಾಡಿದಳು. ಯಮುನಾಬಾಯಿ ಅದನ್ನು ನೋಡುತ್ತ ಅವಳ ಬೆನ್ನ ಮೇಲೆ ಕೈಯಿಟ್ಟರು. ಯಾರಿಗೂ ಊಟದ ನೆನಪಾಗಲಿಲ್ಲ, ಕೊನೆಗೆ ಇಂದೂನೇ "ಭಕ್ರಿ ಆರಿಹೋಗ್ತಾವ" ಅಂದಳು.

ಊಟ ದೊಡ್ಡದಾಯಿತು. ಓಂಕಾರ್ ಎಣ್ಣೆಗಾಯಿಯನ್ನು ಎರಡನೇ ಸಲ ಹಾಕಿಸಿಕೊಂಡ. ವಕೀಲರು ಒಂದೇ ಹೆಸರಿನ ಇಬ್ಬರು ಆಸಾಮಿಗಳಿದ್ದ ಹಳೆಯ ಖಟ್ಲೆಯೊಂದನ್ನು ಪೂರ್ತಿ ಹೇಳಿದರು. ಮಧ್ಯಾಹ್ನದ ಲೋಕಲ್‌ಗೆ ಅವರು ಹೊರಟುನಿಂತಾಗ ಓಂಕಾರ್ ಚಪ್ಪಲಿ ಮೆಟ್ಟುತ್ತ ಪೂರ್ವಾಗೆ ಹೇಳಿದ್ದು ಇಷ್ಟೇ: "ಫಿಲ್ಮ್ ಮಾಡೂ ಮುಂದ ಎಲ್ಲಾ ಸೇವ್ ಮಾಡ್ಕೋರಿ."

ಅವರು ಹೋದ ಮೇಲೆ ಬಿಂದುಮಾಧವರು ಮಗಳನ್ನು ಕರೆದು ಕೂರಿಸಿಕೊಂಡರು.

"ಏನು ಮಾತಾಡಿದ್ರವಾ?"

"ಏನೂ ಮಾತಾಡಲಿಲ್ಲ ಅಪ್ಪಾ."

"ಮುಂಜಾನಿಯಿಂದ?"

"ಕಂಪ್ಯೂಟರಿಂದು ಬಿಟ್ಟು ಏನೂ ಇಲ್ಲ. ಅವರಿಗೆ ಏನು ಸೇರ್ತದ, ಏನಿಲ್ಲ, ನಂಗ ಗೊತ್ತಿಲ್ಲ. ನಂದೂ ಅವರು ಕೇಳಲಿಲ್ಲ."

ಭಾಮಾ ಹಣೆ ಹಣೆ ಬಡಿದುಕೊಂಡಳು.

ಫಿಲ್ಮು ಆಯಿತು. ಸೋಮವಾರ ಗೈಡ್ ಬಾಯಿ ಅದನ್ನು ಪೂರ್ತಿ ನೋಡಿ, ತಿರುಗುವುದು ಚೆನ್ನಾಗಿದೆ, ಬಣ್ಣ ಚೆನ್ನಾಗಿಲ್ಲ, ಹಳದಿ ತೆಗೆ ಅಂದರು. ಪೂರ್ವಾ ಹಳದಿ ತೆಗೆದು ನೀಲಿ ಹಾಕಿದಳು. ಗೆಳತಿಯರ ಕಂಪ್ಯೂಟರುಗಳಲ್ಲೂ ಹೊಸ ಆವೃತ್ತಿ ಕುಂಟುತ್ತಿತ್ತು. ಪೂರ್ವಾ ಒಂದೊಂದರ ಮುಂದೆಯೂ ಕೂತು ಆ ಕಡತದ ಹೆಸರು ಬದಲಿಸಿಕೊಟ್ಟಳು. ಯಾರು ಹೇಳಿಕೊಟ್ಟರು ಅಂತ ಕೇಳಿದಾಗ "ನಾವಿಬ್ಬರು ಸೇರಿ ಹುಡುಕಿದ್ವಿ" ಅಂದಳು. ಇನ್ನೊಬ್ಬರು ಯಾರು ಎಂದು ಕೇಳಿದರೆ ಮುಂದಿನ ಕಂಪ್ಯೂಟರಿನ ಕಡೆ ಹೊರಟುಬಿಟ್ಟಳು.

ವಾರದ ನಡುವೆ ತಳೇಗಾಂವದಿಂದ ಫೋನ್ ಬಂತು. ನಮಗೆ ಹುಡುಗಿ ಒಪ್ಪಿಗೆ ಇದೆ, ನಿಮ್ಮ ಹುಡುಗಿ ಏನಂತಾಳೆ ಎಂದು ಯಮುನಾಬಾಯಿ ಕೇಳಿದರು. ಬಿಂದುಮಾಧವರು ಫೋನಿನ ಬಾಯಿಗೆ ಕೈ ಅಡ್ಡವಿಟ್ಟು ಮಗಳ ಕಡೆ ನೋಡಿದರು.

"ಅವರು ಬಂದು ನಮ್ಮನಿ ನೋಡಿದ್ರು," ಅಂದಳು ಪೂರ್ವಾ. "ನಾನೂ ಹೋಗಿ ಅವರ ಮನಿ ನೋಡಿ ಬರ್ತೀನಿ."

"ಹಂಗ ಪದ್ಧತಿ ಇಲ್ಲವಾ," ಅಂದಳು ಭಾಮಾ.

ಯಮುನಾಬಾಯಿಗೆ ಅದು ಆ ಕಡೆಯಿಂದ ಕೇಳಿಸಿತ್ತು. "ಬಾರವಾ," ಅಂದರು ಫೋನಿನಲ್ಲಿ, ಎಲ್ಲರಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ. "ಈ ಸಲ ನೀ ಏನಾರ ಕೆಡಿಸಿ ಹೋಗು."

ಹಾಗಾಗಿ ಮುಂದಿನ ಭಾನುವಾರ ಪೂರ್ವಾ ಮತ್ತು ಭಾಮಾ ಶಿವಾಜಿನಗರದಲ್ಲಿ ಲೋಕಲ್ ಹತ್ತಿದರು. ಪೂರ್ವಾ ಈ ಸಲ ಚೂಡಿದಾರದಲ್ಲೇ ಇದ್ದಳು. ತಳೇಗಾಂವದ ಮನೆ ಕಾರ್ಖಾನೆಯವರ ಹೊಸ ಕಾಲನಿಯಲ್ಲಿತ್ತು. ಎರಡು ಖೋಲಿ, ಮುಂದೆ ಕರಿಬೇವಿನ ಗಿಡ. ಬಾಗಿಲು ತೆರೆದವನು ಓಂಕಾರ್. ಎರಡೂ ಕೈ ಹಿಟ್ಟಾಗಿತ್ತು. ತಾಯಿಯ ಮೊಣಕಾಲು ನೋಯುವ ದಿನ ಭಕ್ರಿ ಅವನೇ ತಟ್ಟುತ್ತಾನಂತೆ. ಭಾಮಾ ಅದನ್ನು ನೋಡಿ ಕೂರುವುದನ್ನೇ ಮರೆತಳು.

ಮಧ್ಯಾಹ್ನ ಇಬ್ಬರೂ ಕೆರೆಯ ದಂಡೆಯವರೆಗೆ ನಡೆದುಹೋದರು. ಈ ಸಲ ಬೇರೆ ಮಾತು ಆಡಬೇಕೆಂದು ಪೂರ್ವಾ ರೈಲಿನಲ್ಲೇ ನಿಶ್ಚಯ ಮಾಡಿಕೊಂಡು ಬಂದಿದ್ದಳು.

"ನಂಗ ಪಿಎಚ್‌ಡಿ ಮಾಡೂದದ. ವರ್ಷಗಟ್ಟಲೆ ಆಗ್ತದ. ಲ್ಯಾಬು ಬಿಡೂದಿಲ್ಲ ನಾ."

"ಲೋಕಲ್ ಅದಲ್ರಿ. ಇಲ್ಲಾಂದ್ರ ನಡುವ ಎಲ್ಲೆರ ಮನಿ ಮಾಡೂಣು, ನಾ ಈ ಕಡೆ ಬರ್ತೀನಿ, ನೀವು ಆ ಕಡೆ ಹೋಗ್ರಿ. ಅಮ್ಮಗ ಮೆಟ್ಟಲಾ ಇಲ್ಲದ ಮನಿ ಸಿಕ್ಕರ ಸಾಕು."

"ನಂಗ ಸಿಟ್ಟು ಭಾಳ."

"ನೋಡೀನ್ರಿ. ಗ್ವಾಡಿಗೆ ಒರಗಿ ನಿಂತಿದ್ರಿ ಅವತ್ತ."

ಅವಳು ನಕ್ಕಳು. ನೀರಿನ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು. ಅವನು ತಂದೆಯ ಬಗ್ಗೆ ಹೇಳಿದ, ಬೆಳಗಾವಿ ಬಿಟ್ಟು ಬಂದ ವರ್ಷದ ಬಗ್ಗೆ ಹೇಳಿದ. ತಾನು ಯಾವ ಕೆಲಸಕ್ಕೂ ಮೊದಲು ಕೈ ಹಾಕಿ ಆಮೇಲೆ ಯೋಚಿಸುವವನು, ಇದರಿಂದ ಕಾರ್ಖಾನೆಯಲ್ಲಿ ಬೈಸಿಕೊಂಡದ್ದೂ ಉಂಟು ಅಂದ. ತಾನು ಯೋಚಿಸುತ್ತಲೇ ಕೂತು ಎಷ್ಟೋ ಕೆಲಸಕ್ಕೆ ಕೈಯೇ ಹಾಕಿಲ್ಲ ಅಂದಳು ಪೂರ್ವಾ. ದಂಡೆಯ ಮೇಲೆ ಬೇಯಿಸಿದ ಶೇಂಗಾ ಮಾರುವವನಿದ್ದ. ಒಂದೇ ಪೊಟ್ಟಣ ಕೊಂಡು ತಿನ್ನುತ್ತ ಮರಳಿ ಬಂದರು.

ಸಂಜೆಯ ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕಿತು. ದೇಹೂರೋಡ್ ದಾಟುವವರೆಗೂ ಭಾಮಾ ತಡೆದುಕೊಂಡಳು.

"ಹುಡುಗಾ ಹೆಂಗವಾ? ಮನಿಗೆ ಹೋಗಿ ಅಪ್ಪಗ ಏನು ಹೇಳ್ತಿ?"

"ಆಗಲಿ ಅಂತ ಹೇಳಿ ಬಂದೀನಿ ಅತ್ಯಾ."

"ಯಾರಿಗೆ?"

"ಅವರ ಅಮ್ಮಗ. ಕುಂಕುಮಾ ಹಚ್ಚುವಾಗ."

"ಅಯ್ಯ, ನಮ್ಮನ್ನ ಒಂದು ಮಾತು ಕೇಳದ?" ಅಂದಳು ಭಾಮಾ. ಆಮೇಲೆ ಎದುರಿನ ಸೀಟಿನಲ್ಲಿ ಕೂತಿದ್ದ ಅಪರಿಚಿತ ಮರಾಠಿ ಹೆಂಗಸಿನ ಕಡೆ ಬಾಗಿ, ನಮ್ಮ ಹುಡುಗಿಯ ಮದುವೆ ಗೊತ್ತಾಯಿತು ಎಂದು ಎಲ್ಲರಿಗಿಂತ ಮೊದಲು ಅವಳಿಗೇ ಹೇಳಿಬಿಟ್ಟಳು. ಆ ಹೆಂಗಸು ಚೀಲದಿಂದ ಪೇರಲಹಣ್ಣು ತೆಗೆದು ಪೂರ್ವಾಳ ಕೈಗೆ ಕೊಟ್ಟಳು.